ಮುಂದೆ ದಾರಿಯಿಲ್ಲದ ಹೊಲದಲ್ಲಿ ಬಡಾವಣೆ: ರಸ್ತೆ ನಿಯಮಕ್ಕೆ ಸಡಿಲಿಕೆ ಕೇಳುವುದು ಹೇಗೆ?

“ನಮ್ಮ ಹೊಲ ಉದ್ದಕ್ಕ ಅದ, ಕೊನಿಗೆ ನಾಲಾ ಬಂದದ. ರೋಡ್ ಅಲ್ಲಿಗೇ ನಿಲ್ಲಿಸಬೇಕಾಗ್ತದ. ಪ್ಲ್ಯಾನ್ ಪಾಸ್ ಆಗ್ತದೇನ್ರಿ?” “ಮುಂದಿನ ರಸ್ತಾ ಇಪ್ಪತ್ತೇ ಫೂಟ್ ಅದ, ಏನಾರ ಸಡಿಲ್ ಸಿಗ್ತದೇನು?” ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಜಮೀನಿನ ಬಗ್ಗೆ ಕೇಳುವುದರಲ್ಲಿ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದಕ್ಕೆ ದಾರಿ ಇದೆ. ಎರಡನೆಯದಕ್ಕೆ ಬಹುಮಟ್ಟಿಗೆ ಇಲ್ಲ. ಯಾಕೆ ಹೀಗೆ ಎನ್ನುವುದು ತಿಳಿದರೆ ಅರ್ಜಿ ಬರೆಯುವ ಕೆಲಸ ಅರ್ಧ ಮುಗಿದಂತೆ.

ಸಡಿಲಿಕೆ ಸಿಗುವುದು ನೆಲದ ಕಾರಣಕ್ಕೆ. ಹಳ್ಳ ಅಡ್ಡ ಬಂದಿದೆ, ರೈಲ್ವೆ ಹಳಿ ಹಾದಿದೆ, ಪಕ್ಕದಲ್ಲಿ ಆಗಲೇ ಮನೆ ಕಟ್ಟಿದ ಹಳೆಯ ಬಡಾವಣೆ ಇದೆ: ಇವೆಲ್ಲ ನೆಲದ ಕಾರಣಗಳು. ಇನ್ನೆರಡು ಪ್ಲಾಟ್ ಜಾಸ್ತಿ ಬರಲಿ ಎನ್ನುವುದು ಮಾಲೀಕರ ಕಾರಣ. ಅರ್ಜಿಯ ಪ್ರತಿ ಸಾಲನ್ನೂ ಈ ಒರೆಗಲ್ಲಿಗೆ ತಿಕ್ಕಿ ನೋಡಿ.

ಮೊದಲು ಕೆಲವು ಪದ

ಎನ್.ಎ.: ಸಾಗುವಳಿ ಜಮೀನನ್ನು ಸಾಗುವಳಿಯೇತರ ಬಳಕೆಗೆ ಪರಿವರ್ತಿಸುವ ಆದೇಶ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಅಡಿ ಜಿಲ್ಲಾಧಿಕಾರಿ ಇದನ್ನು ಕೊಡುತ್ತಾರೆ. ಎನ್.ಎ. ಆಯಿತು ಎಂದರೆ ರಸ್ತೆ, ಪ್ಲಾಟುಗಳ ನಕ್ಷೆ ಮಂಜೂರಾಯಿತು ಎಂದಲ್ಲ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನ ಹಣ ಕಳೆದುಕೊಳ್ಳುವುದು ಈ ಎರಡನ್ನೂ ಒಂದೇ ಎಂದು ತಿಳಿದು.

ನಕ್ಷೆ ಅನುಮೋದನೆ: ಯಾವ ಪ್ಲಾಟ್ ಎಲ್ಲಿ, ಯಾವ ರಸ್ತೆ ಎಷ್ಟು ಅಗಲ ಎಂದು ತೋರಿಸುವ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರ ಕೊಡುವ ಮಂಜೂರಾತಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 17ನೇ ಕಲಂ ಇದಕ್ಕೆ ಆಧಾರ. ಪ್ರಾಧಿಕಾರ ನಕ್ಷೆಯನ್ನು ಇದ್ದಂತೆ ಒಪ್ಪಬಹುದು, ಬದಲಾವಣೆ ಅಥವಾ ಷರತ್ತಿನೊಂದಿಗೆ ಒಪ್ಪಬಹುದು, ತಿರಸ್ಕರಿಸಲೂಬಹುದು. ನೀವು ಕೇಳುವ ಸಡಿಲಿಕೆ ಕೂರುವುದು ಈ ‘ಬದಲಾವಣೆ ಅಥವಾ ಷರತ್ತು’ ಎನ್ನುವ ಜಾಗದಲ್ಲಿ. ನಗರಾಭಿವೃದ್ಧಿ ಪ್ರಾಧಿಕಾರ ಇರುವ ಊರಿನಲ್ಲಿ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೂ ಅನ್ವಯಿಸುತ್ತದೆ. ಲಿಖಿತ ಮಂಜೂರಾತಿ ಇಲ್ಲದೆ ಹೊಸ ಬಡಾವಣೆಯನ್ನಾಗಲಿ ಖಾಸಗಿ ರಸ್ತೆಯನ್ನಾಗಲಿ ಮಾಡುವಂತಿಲ್ಲ.

ವಲಯ ನಿಯಮಾವಳಿ: ನಿಮ್ಮ ಊರಿನ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲ್ಯಾನಿನ, ಜತೆಗಿರುವ ನಿಯಮಪುಸ್ತಕ. ರಸ್ತೆಯ ಅಗಲ, ಉದ್ಯಾನದ ಪಾಲು, ಹಳ್ಳದಿಂದ ಬಿಡಬೇಕಾದ ಅಂತರ ಎಲ್ಲವೂ ಇದರಲ್ಲಿರುತ್ತದೆ. ಕೊನೆಯ ಮಾತು ಇದರದ್ದೇ.

ಡೆಡ್ ಎಂಡ್ ರಸ್ತೆ: ಒಂದೇ ಬಾಯಿ ಇರುವ, ಮುಂದೆ ದಾರಿಯಿಲ್ಲದ ರಸ್ತೆ.

ಬ-ಖರಾಬು: ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆಂದು ಸರ್ವೆ ದಾಖಲೆಯಲ್ಲಿ ಕಾದಿರಿಸಿದ ಜಾಗ. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಅದು ನಿಮ್ಮದಲ್ಲ. ಅ-ಖರಾಬಿನ ಮಾತು ಬೇರೆ. ಅದು ಸಾಗುವಳಿಗೆ ಬಾರದ ನೆಲ ಅಷ್ಟೇ.

ಅಳತೆಗಳು ಎಲ್ಲಿಂದ ಬರುತ್ತವೆ

ರಾಜ್ಯದ ಯೋಜನಾ ಪ್ರಾಧಿಕಾರಗಳ ನಿಯಮಾವಳಿಗಳಲ್ಲಿ ಹೊಸ ವಸತಿ ಬಡಾವಣೆಯ ರಸ್ತೆಗೆ ಸಾಮಾನ್ಯವಾಗಿ ಕಾಣುವ ಕನಿಷ್ಠ ಅಗಲ 9 ಮೀಟರ್. ದಲ್ಲಾಳಿಗಳು ‘ಮೂವತ್ತು ಫೂಟ್’ ಎನ್ನುವುದು ಇದನ್ನೇ. ಆದರೆ 30 ಅಡಿ ಎಂದರೆ 9.14 ಮೀಟರ್, 9 ಮೀಟರ್ ಎಂದರೆ 29.5 ಅಡಿ. ನಕ್ಷೆಯಲ್ಲಿ ಮೀಟರ್, ಸ್ಥಳದಲ್ಲಿ ಅಡಿ ಹಿಡಿದು ಅಳೆದರೆ ಹತ್ತು ಪ್ಲಾಟ್ ದಾಟುವಷ್ಟರಲ್ಲಿ ಕಲ್ಲುಗಳು ಜಾಗ ಬಿಟ್ಟಿರುತ್ತವೆ. ಒಂದೇ ಮಾನ ಹಿಡಿಯಿರಿ, ಅದು ಮೀಟರ್ ಇರಲಿ.

ಸ್ಥಳೀಯ ನಿಯಮ ಮೌನವಾಗಿರುವ ಕಡೆ ನಕ್ಷೆಗಾರರು ನೋಡುವುದು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು. ಅದು ಶಿಫಾರಸು, ಕಾನೂನಲ್ಲ. ಆದರೂ ಸಡಿಲಿಕೆ ಕೇಳುವವರಿಗೆ ಒಳ್ಳೆಯ ಆಸರೆ. ಅದರ ಪ್ರಕಾರ ವಸತಿ ಪ್ರದೇಶದಲ್ಲಿ 6 ಮೀಟರ್ ಅಗಲದ ದಾರಿ 75 ಮೀಟರ್ ಉದ್ದದವರೆಗೆ ಸಾಕು. 7.5 ಮೀಟರ್ ಅಗಲವಿದ್ದರೆ 150, 9 ಇದ್ದರೆ 250, 12 ಇದ್ದರೆ 400, 18 ಇದ್ದರೆ 1000 ಮೀಟರ್. ಅದಕ್ಕೂ ಉದ್ದವಾದರೆ 24 ಮೀಟರ್ ಅಗಲ ಬೇಕು. ರಸ್ತೆ ಉದ್ದವಾದಷ್ಟೂ ಅದಕ್ಕೆ ಬಾಗಿಲು ತೆರೆಯುವ ಮನೆಗಳು ಹೆಚ್ಚು, ವಾಹನ ಹೆಚ್ಚು, ಆದ್ದರಿಂದ ಅಗಲವೂ ಹೆಚ್ಚು. ಒಂದೇ ಬದಿಗೆ ಮನೆಗಳಿದ್ದರೆ ಪ್ರತಿ ಅಗಲದಲ್ಲೂ 1 ಮೀಟರ್ ಕಡಿಮೆ ಮಾಡಬಹುದು ಎನ್ನುತ್ತದೆ ಸಂಹಿತೆ. ಆದರೆ ನಿಮ್ಮ ಊರಿನ ನಿಯಮಾವಳಿ 9 ಮೀಟರ್ ಕನಿಷ್ಠ ಎಂದಿದ್ದರೆ ಆ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ.

ಡೆಡ್ ಎಂಡ್ ರಸ್ತೆಗೆ ಸಂಹಿತೆಯಲ್ಲಿ ಪ್ರತ್ಯೇಕ ಮಾತಿದೆ. 150ರಿಂದ 275 ಮೀಟರ್ ಉದ್ದದ ಡೆಡ್ ಎಂಡನ್ನು ವಸತಿ ಪ್ರದೇಶದಲ್ಲಿ ಮಾತ್ರ, ನೇರ ರಸ್ತೆಯಾಗಿದ್ದರೆ ಮಾತ್ರ ಒಪ್ಪಬಹುದು. 150ನೇ ಮೀಟರಿನಲ್ಲಿ ವಾಹನ ತಿರುಗಲು ಹೆಚ್ಚುವರಿ ಜಾಗ ಇರಬೇಕು, ಅದು ಕನಿಷ್ಠ 81 ಚದರ ಮೀಟರ್, ಯಾವ ಬದಿಯೂ 9 ಮೀಟರಿಗಿಂತ ಕಡಿಮೆ ಇರಬಾರದು. ಇನ್ನೊಂದು ಷರತ್ತನ್ನು ಎಲ್ಲರೂ ಮರೆಯುತ್ತಾರೆ: ರಸ್ತೆಯ ಕೊನೆಯ ಮಟ್ಟ ಅದರ ಬಾಯಿಯ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ನಮ್ಮ ಎರೆಭೂಮಿಯಲ್ಲಿ ಇದು ಬಹಳ ಮುಖ್ಯ. ಕೊನೆ ತಗ್ಗಾಗಿದ್ದರೆ ಮಳೆನೀರು, ಗಟಾರದ ನೀರು ಎರಡೂ ಅಲ್ಲೇ ನಿಲ್ಲುತ್ತವೆ. ನೆನೆದ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಡಾಂಬರು ಕಿತ್ತು ಬರುತ್ತದೆ.

ಇನ್ನು ಹೆಜ್ಜೆಗಳು.

1. ಕಾಗದ ಕೂಡಿಸಿ, ನಿಮ್ಮ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ನೋಡಿ

ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ದಾಖಲೆ), 11ಇ ನಕ್ಷೆ (ಮಾರಾಟ, ಪಾಲಿಗೆ ಮುಂಚೆ ಸರ್ವೆ ಇಲಾಖೆ ಕೊಡುವ ಅಳತೆ ನಕ್ಷೆ), ಋಣಭಾರ ಪ್ರಮಾಣಪತ್ರ, ಗ್ರಾಮ ನಕ್ಷೆ. ಇವುಗಳಲ್ಲಿ ಸಡಿಲಿಕೆಯ ಕೆಲಸಕ್ಕೆ ಹೆಚ್ಚು ಬಳಕೆಯಾಗುವುದು ಗ್ರಾಮ ನಕ್ಷೆ, ಜನ ಕೊನೆಗೆ ತರುವುದೂ ಅದನ್ನೇ. ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲವೂ ಅದರಲ್ಲಿ ಗೆರೆಗಳಾಗಿ ಕೂತಿರುತ್ತವೆ. ಹತ್ತು ವರ್ಷದಿಂದ ನೀರು ಹರಿಯದ ಹಳ್ಳವೂ ನಕ್ಷೆಯಲ್ಲಿದ್ದರೆ ಹಳ್ಳವೇ. ಉತ್ತು ಸಮ ಮಾಡಿದ ಬಂಡಿದಾರಿಯೂ ದಾರಿಯೇ.

ಆಕಾರ್‌ಬಂದ್‌ನಲ್ಲಿ ಖರಾಬಿನ ಪ್ರಮಾಣ ನೋಡಿ, ಅದು ಅ ಇದೆಯೋ ಬ ಇದೆಯೋ ಖಚಿತ ಮಾಡಿಕೊಳ್ಳಿ. ಬ-ಖರಾಬನ್ನು ಒಟ್ಟು ವಿಸ್ತೀರ್ಣದಲ್ಲಿ ಸೇರಿಸಿ ಲೆಕ್ಕ ಹಾಕಿದ ನಕ್ಷೆ ಮೊದಲ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಆಗ ಪ್ಲಾಟುಗಳ ಶೇಕಡಾವಾರು ಲೆಕ್ಕವೆಲ್ಲ ಹೊಸದಾಗಿ ಆಗಬೇಕು.

ಕಲಬುರಗಿ ನಗರ ಮತ್ತು ಸುತ್ತಲಿನ ಯೋಜನಾ ಪ್ರದೇಶಕ್ಕೆ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ, ಬೀದರಿಗೆ ಬೀದರ್ ನಗರಾಭಿವೃದ್ಧಿ ಪ್ರಾಧಿಕಾರ. ಉಳಿದ ಊರುಗಳವರು ಆ ಊರಿಗೆ ಯೋಜನಾ ಪ್ರಾಧಿಕಾರ ಇದೆಯೇ, ಇಲ್ಲದಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಯಾವ ಕಚೇರಿ ಎಂದು ಮೊದಲೇ ಕೇಳಿಕೊಳ್ಳಿ. ಪಂಚಾಯಿತಿಯಲ್ಲಿ ಠರಾವು ಮಾಡಿಸಿದರೆ ಬಡಾವಣೆ ರಸ್ತೆ ಮಂಜೂರಾಗುತ್ತದೆ ಎನ್ನುವವರ ಮಾತು ನಂಬಬೇಡಿ.

2. ಕೇಳಬಹುದಾದದ್ದು ಯಾವುದು, ಕೇಳಬಾರದ್ದು ಯಾವುದು

ಇಲ್ಲಿ ತಾಳ್ಮೆಯಿಂದ ಕೂತು ಬೇರ್ಪಡಿಸಿ. ಕೆಲವನ್ನು ನಿಮ್ಮ ಪ್ರಾಧಿಕಾರ ಬಯಸಿದರೂ ಸಡಿಲ ಮಾಡಲಾರದು, ಯಾಕೆಂದರೆ ಅವು ಬೇರೆ ಕಾನೂನಿನ ಮಾತು.

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ವಲಯ. ಕಲಬುರಗಿ ಕೋಟೆ, ಹಫ್ತ್ ಗುಂಬಜ್, ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜಗಳ ಆಸುಪಾಸಿನವರು ಮೊದಲು ಈ ಅಂತರ ಅಳೆಯಿಸಿ. ನಿಷೇಧಿತ ವಲಯದಲ್ಲಿ ಬರುವ ಪ್ಲಾಟಿನಲ್ಲಿ ಹೊಸ ಮನೆ ಕಟ್ಟಲಾಗದು. ಹಾಗಾಗಿ ಆ ಭಾಗವನ್ನು ನಕ್ಷೆಯಲ್ಲಿ ಉದ್ಯಾನಕ್ಕೆ ಬಿಡುವುದು ಜಾಣತನ. ನಿಯಂತ್ರಿತ ವಲಯದಲ್ಲಿ ಅನುಮತಿ ಪಡೆದೇ ಮುಂದುವರಿಯಬೇಕು.

ವಿದ್ಯುತ್ ಮಾರ್ಗದ ಅಂತರವೂ ಹೀಗೆಯೇ. 11 ಕೆ.ವಿ. ತಂತಿಯಿಂದ ಕಟ್ಟಡಕ್ಕೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, 33 ಕೆ.ವಿ. ಆದರೆ 2 ಮೀಟರ್. ದೊಡ್ಡ ಗೋಪುರದ ಮಾರ್ಗಗಳಿಗೆ ಇಡೀ ಪಟ್ಟಿಯೇ ಖಾಲಿ ಬೇಕು: 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್. ಆ ಪಟ್ಟಿಯ ಉದ್ದಕ್ಕೂ ರಸ್ತೆ ಹಾಯಿಸುವುದು ಒಳ್ಳೆಯ ಉಪಾಯ. ರಸ್ತೆಗಳ ಚೌಕುಳಿ ಓರೆಯಾದರೂ ಅದಕ್ಕೆ ನೆಲದ ಕಾರಣ ಇದೆ ಎಂದು ತೋರಿಸಬಹುದು.

ಬೀದರ್, ಹುಮನಾಬಾದ್, ಕಲಬುರಗಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಯ ಪಕ್ಕದಲ್ಲಿ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡ ಬರಬಾರದು, 75 ಮೀಟರ್ ವರೆಗೆ ನಿಯಂತ್ರಣ ಎನ್ನುವುದು ಹೆದ್ದಾರಿ ಇಲಾಖೆಯ ಲೆಕ್ಕ. ಬಡಾವಣೆಯ ರಸ್ತೆಗಳನ್ನು ಒಂದೊಂದಾಗಿ ಹೆದ್ದಾರಿಗೆ ಬಿಡಿಸುವ ಆಸೆ ಬೇಡ. ಸರ್ವಿಸ್ ರಸ್ತೆ ಮಾಡಿ ಒಂದೇ ಕಡೆ ಕೂಡಿಸಿ. ರೈಲ್ವೆ ಗಡಿಯಿಂದ 30 ಮೀಟರ್ ಒಳಗಿನ ಕಟ್ಟಡಕ್ಕೆ ರೈಲ್ವೆಯ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಮಹಾಯೋಜನೆಯಲ್ಲಿ ಗುರುತಿಸಿದ ರಸ್ತೆ ನಿಮ್ಮ ಹೊಲದಲ್ಲಿ ಹಾದಿದ್ದರೆ ಅದನ್ನು ಅಳಿಸುವುದು, ಸರಿಸುವುದು ಸಡಿಲಿಕೆಯ ಅರ್ಜಿಯಿಂದ ಆಗುವುದಲ್ಲ. ಇದ್ದ ಜಾಗದಲ್ಲೇ, ಇದ್ದ ಅಗಲದಲ್ಲೇ ನಿಮ್ಮ ನಕ್ಷೆಯೊಳಗೆ ಕೂಡಿಸಿಕೊಳ್ಳಿ.

ಹಾಗಾದರೆ ಕೇಳಬಹುದಾದದ್ದು ಏನು? ಎದುರಿಗೆ ಹಳ್ಳ, ಹಳಿ, ಕಲ್ಲುಗಣಿ ಅಥವಾ ಕಟ್ಟಿದ ಮನೆಗಳಿದ್ದು ರಸ್ತೆ ಮುಂದೆ ಸಾಗದಿರುವಾಗ ಡೆಡ್ ಎಂಡ್. ಎರಡು ಅಡ್ಡರಸ್ತೆಗಳ ನಡುವಿನ ಅಂತರ ಹೆಚ್ಚಾಗುವುದು. ರಸ್ತೆಗಳು ನೇರ ಕೋನದಲ್ಲಿ ಕೂಡದೆ ಓರೆಯಾಗಿ ಕೂಡುವುದು. ಗುಡ್ಡದ ಪಕ್ಕದಲ್ಲಿ ಏರು ಹೆಚ್ಚಾಗುವುದು: ಭಾರತೀಯ ರಸ್ತೆ ಕಾಂಗ್ರೆಸ್ ಸಮತಟ್ಟು ನೆಲಕ್ಕೆ 30ಕ್ಕೆ 1 ಏರನ್ನು (30 ಮೀಟರ್ ಸಾಗಿದರೆ 1 ಮೀಟರ್ ಏರು) ಸಾಮಾನ್ಯ, 20ಕ್ಕೆ 1 ಮಿತಿ, 15ಕ್ಕೆ 1 ಅಪವಾದ ಎಂದು ಹೇಳಿದೆ. ಯಾದಗಿರಿಯ ಬೆಟ್ಟದ ಬುಡದಲ್ಲೋ ಬೀದರಿನ ಕೆಂಗಲ್ಲು ಪ್ರಸ್ಥಭೂಮಿಯ ಅಂಚಿನಲ್ಲೋ ಈ ಪ್ರಶ್ನೆ ಬರುತ್ತದೆ, ಕಲಬುರಗಿಯ ಬಯಲಿನಲ್ಲಿ ಅಪರೂಪ. ಬೀದರಿನ ನೌಬಾದ್ ಕಡೆ ನೆಲದಡಿ ಕರೇಜ್ ಸುರಂಗ ಕಾಲುವೆ ಇದೆ. ಅದರ ಬಾವಿಬಾಯಿ ತಪ್ಪಿಸಲು ರಸ್ತೆ ಬಾಗಿಸಿದರೆ ಅದಕ್ಕಿಂತ ಗಟ್ಟಿ ಕಾರಣ ಇನ್ನೊಂದಿಲ್ಲ. ಆ ಬಾಯಿಯನ್ನು ಉದ್ಯಾನದೊಳಗೆ ತನ್ನಿ, ಮುಚ್ಚಬೇಡಿ.

ಹೊಸ ಬಡಾವಣೆಯ ರಸ್ತೆಯ ಕನಿಷ್ಠ ಅಗಲದಲ್ಲಿ ಸಡಿಲಿಕೆಯನ್ನಂತೂ ಕೇಳಬೇಡಿ. ಖಾಲಿ ನೆಲದಲ್ಲಿ 9 ಮೀಟರ್ ಬಿಡಲು ಅಡ್ಡಿಯಾಗುವ ನೆಲದ ಕಾರಣ ಇರುವುದೇ ಇಲ್ಲ. 9 ಮೀಟರ್ ಎಲ್ಲಿಗೆ ಹೋಗುತ್ತದೆ ನೋಡಿ: ಗಾಡಿ ಓಡುವ ಭಾಗ 5.5 ಮೀಟರ್, ಎರಡೂ ಬದಿಗೆ ತಲಾ 0.6 ಮೀಟರ್ ಗಟಾರ. ಉಳಿಯುವುದು ಬದಿಗೆ 1.15 ಮೀಟರ್. ಅದರಲ್ಲೇ ವಿದ್ಯುತ್ ಕಂಬ, ನೀರಿನ ಪೈಪು, ನಡೆಯುವ ಜನ. ಮನೆಯವರು ಮೆಟ್ಟಿಲು ಹೊರಗಿಟ್ಟರೆ ಅದೂ ಹೋಯಿತು. 6 ಮೀಟರ್ ಮಾಡಿದ ಓಣಿಯಲ್ಲಿ ಒಂದು ಕಾರು ನಿಂತರೆ ಆಂಬುಲೆನ್ಸ್ ಒಳಗೆ ಬರುವುದಿಲ್ಲ.

ಹೊರಗಿನಿಂದ ನಿಮ್ಮ ಹೊಲಕ್ಕೆ ಬರುವ ದಾರಿ ಕಿರಿದಾಗಿದ್ದರೆ, ಲೇಖನದ ಆರಂಭದ ಎರಡನೇ ಪ್ರಶ್ನೆಯಂತೆ, ಪರಿಹಾರ ಸಡಿಲಿಕೆಯಲ್ಲಿಲ್ಲ. ದಾರಿಯ ಪಕ್ಕದ ಮಾಲೀಕರಿಂದ ಬೇಕಾದಷ್ಟು ಪಟ್ಟಿಯನ್ನು ನೋಂದಾಯಿತ ಪತ್ರದ ಮೂಲಕ ರಸ್ತೆಗೆ ಬಿಡಿಸಿಕೊಳ್ಳಬೇಕು. “ಅಣ್ಣಾರ ಹೊಲದಾಗ ಹಾದು ಹೋಗ್ತೀವಿ, ಬಾಯಿಮಾತು ಆಗ್ಯದ” ಎನ್ನುವುದು ಸಾರ್ವಜನಿಕ ರಸ್ತೆಯಾಗುವುದಿಲ್ಲ. ಬಿತ್ತನೆಗೆ ಹೋಗುವ ದಾರಿಹಕ್ಕು ಬೇರೆ, ನೂರು ಮನೆಗಳ ರಸ್ತೆ ಬೇರೆ.

3. ಮಟ್ಟ ಅಳೆಯಿಸಿ

ಟೋಟಲ್ ಸ್ಟೇಷನ್ (ದೂರ, ಮಟ್ಟ ಎರಡನ್ನೂ ಅಳೆಯುವ ಉಪಕರಣ) ಸರ್ವೆ ಮಾಡಿಸಿ. ಅರ್ಧ ಮೀಟರಿಗೊಂದು ಸಮಮಟ್ಟದ ಗೆರೆ ಇರಲಿ. ನಿಮ್ಮ ಗಡಿಯಾಚೆ ಕನಿಷ್ಠ 100 ಮೀಟರ್ ವರೆಗೆ ಇರುವ ರಸ್ತೆ, ಹಳ್ಳ, ಕಂಬ, ಕಟ್ಟಡಗಳನ್ನೂ ತೋರಿಸಿ. ಗಡಿಗೆ ಬಂದು ಖಾಲಿ ನಿಲ್ಲುವ ನಕ್ಷೆಯನ್ನು ನೋಡಿದ ಅಧಿಕಾರಿಗೆ ನಿಮ್ಮ ರಸ್ತೆ ಯಾಕೆ ಅಲ್ಲೇ ನಿಂತಿತು ಎಂದು ತಿಳಿಯುವುದು ಹೇಗೆ? ಎಷ್ಟೋ ಕಡತಗಳು ಸ್ಪಷ್ಟೀಕರಣ ಕೇಳಿ ವಾಪಸು ಬರುವುದು ಇದಕ್ಕೇ.

4. ಎರಡು ನಕ್ಷೆ ಬರೆಯಿಸಿ

ಒಂದು, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ ಬಡಾವಣೆ ಹೇಗೆ ಬರುತ್ತದೆ ಎನ್ನುವ ನಕ್ಷೆ. ರಸ್ತೆ ಹೋಗಿ ಹಳ್ಳದಲ್ಲಿ ಬೀಳುತ್ತದೆಯೋ, ಹಳಿ ದಾಟುತ್ತದೆಯೋ, ಕಟ್ಟಿದ ಮನೆಗೆ ಗುದ್ದುತ್ತದೆಯೋ, ಇದ್ದಂತೆ ತೋರಿಸಿ. ಇನ್ನೊಂದು, ನೀವು ಕೇಳುವ ಸಡಿಲಿಕೆಯೊಂದಿಗಿನ ನಕ್ಷೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹತ್ತು ಪುಟದ ವಿವರಣೆ ಬೇಕಾಗುವುದಿಲ್ಲ. ನಕ್ಷೆಗಾರರು “ಒಂದೇ ಸಾಕ್ರಿ” ಎಂದರೂ ಒಪ್ಪಬೇಡಿ.

ಒಂದು ಹೊಲವನ್ನು ಹತ್ತಿರದಿಂದ ನೋಡೋಣ. 40 ಮೀಟರ್ ಅಗಲ, 200 ಮೀಟರ್ ಉದ್ದ. 8000 ಚದರ ಮೀಟರ್, ಅಂದರೆ ಸುಮಾರು 1 ಎಕರೆ 39 ಗುಂಟೆ. ಅಣ್ಣತಮ್ಮಂದಿರ ಪಾಲು ಆದ ಮೇಲೆ ನಮ್ಮಲ್ಲಿ ಉಳಿಯುವ ಪಟ್ಟಿಗಳು ಹೆಚ್ಚಾಗಿ ಹೀಗೇ ಇರುತ್ತವೆ. ಮುಂದೆ ರಸ್ತೆ, ಹಿಂದೆ ಹಳ್ಳ. ನಡುವೆ 9 ಮೀಟರಿನ ರಸ್ತೆ ಹಾಕಿದರೆ ಎರಡೂ ಬದಿಗೆ 15.5 ಮೀಟರ್ ಆಳದ ಪ್ಲಾಟು ಬರುತ್ತವೆ. ರಸ್ತೆ 200 ಮೀಟರ್ ಉದ್ದದ ಡೆಡ್ ಎಂಡ್. ಇದೇ ನಿಮ್ಮ ಸಡಿಲಿಕೆ.

ಈಗ ಲೆಕ್ಕ. ರಸ್ತೆಗೆ 1800 ಚದರ ಮೀಟರ್. ಉದ್ಯಾನಕ್ಕೆ ಶೇ. 10, ನಾಗರಿಕ ಸೌಲಭ್ಯ ನಿವೇಶನಕ್ಕೆ (ಶಾಲೆ, ಆಸ್ಪತ್ರೆಯಂಥವಕ್ಕೆ ಬಿಡುವ ಜಾಗ) ಶೇ. 5, ವಸತಿ ಪ್ಲಾಟು ಶೇ. 55 ಮೀರಬಾರದು ಎನ್ನುವ ಪ್ರಮಾಣ ಹಿಡಿಯೋಣ. ನಿಮ್ಮ ಊರಿನ ನಿಯಮಾವಳಿಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ. ಉದ್ಯಾನಕ್ಕೆ 800, ನಾಗರಿಕ ಸೌಲಭ್ಯಕ್ಕೆ 400 ಹೋದರೆ ಉಳಿಯುವುದು 5000. ಆದರೆ ಪ್ಲಾಟಿಗೆ ಮಿತಿ 4400. ಅಂದರೆ 600 ಚದರ ಮೀಟರನ್ನು ನೀವು ಹೇಗಿದ್ದರೂ ಪ್ಲಾಟು ಮಾಡಿ ಮಾರುವಂತಿಲ್ಲ.

ಆ 600ನ್ನು ಎಲ್ಲಿ ಇಡುತ್ತೀರಿ ಎನ್ನುವುದರಲ್ಲೇ ಸಡಿಲಿಕೆಯ ಭವಿಷ್ಯ ಇದೆ. 150ನೇ ಮೀಟರಿನಲ್ಲಿ ಎಡಬಲಕ್ಕೆ ಗಡಿಯವರೆಗೆ 9 ಮೀಟರ್ ಅಗಲದ ಅಡ್ಡರಸ್ತೆ ಬಿಡಿ: ತಲಾ 15.5 ಮೀಟರಿನ ಎರಡು ತೋಳು, 279 ಚದರ ಮೀಟರ್. ಕೊನೆಯಲ್ಲೂ ಅಂಥದೇ ಒಂದು, ಇನ್ನೊಂದು 279. ಒಟ್ಟು 558. ಮೂಲೆ ಕತ್ತರಿಸಿದ್ದಕ್ಕೆ (ವಿವರ ಮುಂದಿದೆ), ಒಂದೊಂದಕ್ಕೆ ಸುಮಾರು 10.1ರಂತೆ, ಎಂಟು ಮೂಲೆಗೆ 81. ಪ್ಲಾಟಿಗೆ ಉಳಿದದ್ದು 4361 ಚದರ ಮೀಟರ್, ಶೇ. 54.5. ಮಿತಿಯಿಂದ ನೀವು ಕಳೆದುಕೊಂಡದ್ದು 39 ಚದರ ಮೀಟರ್ ಮಾತ್ರ. ಅದಕ್ಕೆ ಬದಲಾಗಿ ವಾಹನ ತಿರುಗಲು ಎರಡು ಕಡೆ ಜಾಗ ಸಿಕ್ಕಿತು, ನಾಳೆ ಪಕ್ಕದ ಹೊಲಗಳು ಬಡಾವಣೆಯಾದಾಗ ಕೂಡಲು ನಾಲ್ಕು ಬಾಯಿ ಸಿಕ್ಕವು. ಇಂಥ ನಕ್ಷೆಯನ್ನು ಕೈಯಲ್ಲಿ ಹಿಡಿದು ಹೋದವರ ಮಾತಿಗೆ ತೂಕ ಇರುತ್ತದೆ.

ಪಕ್ಕದವರು ನಮ್ಮ ರಸ್ತೆ ಬಳಸಬಾರದು ಎಂದು ತೋಳಿನ ತುದಿಯಲ್ಲಿ ಒಂದಡಿ ಪಟ್ಟಿಯನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದಡಿಯಿಂದ ಎರಡು ಬಡಾವಣೆಯ ಮಕ್ಕಳು ಶಾಲೆಗೆ ಅರ್ಧ ಕಿಲೋಮೀಟರ್ ಸುತ್ತು ಹಾಕುತ್ತಾರೆ. ಅನುಮೋದನೆಗೆ ಬಂದ ನಕ್ಷೆಯಲ್ಲಿ ಇದು ಕಂಡರೆ ಕೊಟ್ಟ ಸಡಿಲಿಕೆಯ ಅರ್ಥವೇ ಹೋಗುತ್ತದೆ.

ತಿರುಗುವ ಜಾಗದ ಬಗ್ಗೆ ಒಂದು ಮಾತು. 9×9 ಮೀಟರಿನ ಚೌಕದಲ್ಲಿ ಆಟೊ, ಕಾರು ಸಲೀಸಾಗಿ ತಿರುಗುತ್ತವೆ. ನೀರಿನ ಟ್ಯಾಂಕರ್, ಅಗ್ನಿಶಾಮಕ ವಾಹನ ತಿರುಗುವುದಿಲ್ಲ. ಅವಕ್ಕೆ 9 ಮೀಟರ್ ತ್ರಿಜ್ಯ ಬೇಕು, ಪೂರ್ತಿ ವೃತ್ತ ಮಾಡಿದರೆ 254 ಚದರ ಮೀಟರ್. ಅಷ್ಟು ಜಾಗವಿಲ್ಲದಿದ್ದರೆ ಮೇಲಿನಂತೆ ಅಡ್ಡ ತೋಳು ಬಿಡಿ. ಮುಂದೆ ಹೋಗಿ, ಒಂದು ತೋಳಿಗೆ ಹಿಂದೆ ಸರಿದು, ತಿರುಗಿ ಹೊರಬರಬಹುದು. ಬೇಸಿಗೆಯಲ್ಲಿ ಟ್ಯಾಂಕರ್ ಬಾರದ ಬಡಾವಣೆ ನಮ್ಮ ಭಾಗದಲ್ಲಿ ಬಾಳುವುದು ಕಷ್ಟ.

ಮೂಲೆ ಕತ್ತರಿಸುವುದು: ಎರಡು ರಸ್ತೆ ನೇರ ಕೋನದಲ್ಲಿ ಕೂಡುವ ಕಡೆ ಮೂಲೆ ಪ್ಲಾಟಿನಿಂದ ಎರಡೂ ಬದಿಗೆ 4.5 ಮೀಟರ್ ಅಳೆದು ತ್ರಿಕೋನವಾಗಿ ರಸ್ತೆಗೆ ಬಿಡಬೇಕು. ಅದು 10.1 ಚದರ ಮೀಟರ್, ಸುಮಾರು 109 ಚದರ ಅಡಿ. 30×40ರ ಮೂಲೆ ಪ್ಲಾಟನ್ನು 1200 ಚದರ ಅಡಿ ಎಂದು ಮಾರಿ, ಕಟ್ಟುವಾಗ 1091 ಸಿಕ್ಕರೆ ಜಗಳ ಬಾರದೆ ಇರುತ್ತದೆಯೇ? ನಕ್ಷೆಯಲ್ಲೇ ಕಳೆದು ಬರೆಯಿಸಿ. ರಸ್ತೆಗಳು 60 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಕೂಡಿದರೆ ಈ ಬಿಡುವು ರಸ್ತೆಯ ಅಗಲದಷ್ಟಾದರೂ ಬೇಕು. ಸಾಧ್ಯವಾದಷ್ಟು ಅಂಥ ಕೂಡುವಿಕೆ ತಪ್ಪಿಸಿ.

5. ಸಡಿಲಿಕೆಯ ಹೇಳಿಕೆ ಬರೆಯಿರಿ

ಒಂದು ಸಡಿಲಿಕೆಗೆ ಒಂದು ಪ್ಯಾರಾ. ಎರಡನ್ನು ಒಂದರಲ್ಲಿ ಕಲಸಬೇಡಿ, ಒಂದು ಬಿದ್ದರೆ ಇನ್ನೊಂದನ್ನೂ ಎಳೆದುಕೊಂಡು ಬೀಳುತ್ತದೆ. ನಿಯಮದ ಸಂಖ್ಯೆ, ನಿಯಮ ಕೇಳುವುದು, ನಾವು ತೋರಿಸಿದ್ದು, ಕಾರಣ, ಬದಲಿಗೆ ಕೊಡುವುದು: ಈ ಕ್ರಮ ಇರಲಿ. ಮಾದರಿ ಹೀಗೆ:

“ವಲಯ ನಿಯಮಾವಳಿಯ ಇಂಥ ನಿಯಮದಂತೆ ರಸ್ತೆಯು ಎರಡೂ ತುದಿಯಲ್ಲಿ ಸಾರ್ವಜನಿಕ ರಸ್ತೆಗೆ ಕೂಡಬೇಕು. ಸದರಿ ಸರ್ವೆ ನಂಬರಿನ ಪೂರ್ವ ಗಡಿಗೆ ರೈಲ್ವೆ ಜಮೀನು ತಾಗಿದ್ದು, ಗಡಿಯ ಉದ್ದಕ್ಕೂ ದಾಟುವ ಸ್ಥಳ ಇರುವುದಿಲ್ಲ (ನಕ್ಷೆ 1, ಬಿಂದು ಕ-ಖ). ಆದ್ದರಿಂದ 9 ಮೀ. ಅಗಲದ ರಸ್ತೆಯನ್ನು 200 ಮೀ.ಗೆ ನಿಲ್ಲಿಸಿ ತೋರಿಸಿದೆ. ರಸ್ತೆಯ ಕೊನೆಯ ಮಟ್ಟವು ಬಾಯಿಯ ಮಟ್ಟಕ್ಕಿಂತ 0.8 ಮೀ. ಎತ್ತರದಲ್ಲಿದೆ. 150ನೇ ಮೀ. ಹಾಗೂ ಕೊನೆಯಲ್ಲಿ ಉತ್ತರ-ದಕ್ಷಿಣ ಗಡಿಯವರೆಗೆ 9 ಮೀ. ರಸ್ತೆ ಬಿಟ್ಟಿದೆ (ನಕ್ಷೆ 2).”

ಇಷ್ಟೇ ಸಾಕು. ‘ಬಡ ರೈತನಾದ ನನಗೆ’, ‘ಮಗಳ ಮದುವೆ ಇರುವುದರಿಂದ’ ಎಂದೆಲ್ಲ ಬರೆಯುವವರ ಕಷ್ಟ ನಿಜವೇ ಇರಬಹುದು, ಆದರೆ ಅದು ಈ ಕಾಗದದಲ್ಲಿ ಕೆಲಸ ಮಾಡುವುದಿಲ್ಲ. ಪಕ್ಕದ ಬಡಾವಣೆಗೆ ಕೊಟ್ಟಿದ್ದೀರಿ, ನಮಗೂ ಕೊಡಿ ಎನ್ನುವುದೂ ಹಾಗೆಯೇ. ಅವರ ನೆಲದ ಕಾರಣ ನಿಮ್ಮ ನೆಲದಲ್ಲೂ ಇದ್ದರೆ ಅದನ್ನು ನಿಮ್ಮದಾಗಿಯೇ ತೋರಿಸಿ.

ರೈಲ್ವೆಯ ಮಾತು ಬಂದದ್ದಕ್ಕೆ ಹೇಳುವುದಾದರೆ, 2017ರಲ್ಲಿ ಸಂಚಾರ ಶುರುವಾದ ಬೀದರ್–ಕಲಬುರಗಿ ಮಾರ್ಗದಂಥ ಹಳಿ ಹೊಲವನ್ನು ಎರಡು ಹೋಳು ಮಾಡಿದ್ದರೆ ಎರಡು ತುಂಡನ್ನೂ ಒಂದೇ ಬಡಾವಣೆ ಎಂದು ತೋರಿಸಬೇಡಿ. ಪ್ರತಿ ತುಂಡಿಗೂ ತನ್ನದೇ ದಾರಿ, ತನ್ನದೇ ಉದ್ಯಾನ ಬೇಕು. ಹಳಿಯಾಚೆಯ ಉದ್ಯಾನಕ್ಕೆ ಈಚೆಯ ಮಕ್ಕಳು ಹೋಗಲಾರರು.

6. ನಿರಾಕ್ಷೇಪಣಾ ಪತ್ರಗಳು

ಹಳಿ ಇದ್ದರೆ ರೈಲ್ವೆ, ತಂತಿ ಇದ್ದರೆ ಜೆಸ್ಕಾಂ ಅಥವಾ ಕೆ.ಪಿ.ಟಿ.ಸಿ.ಎಲ್., ಹೆದ್ದಾರಿ ಇದ್ದರೆ ಆ ಹೆದ್ದಾರಿಯ ಇಲಾಖೆ, ಸ್ಮಾರಕ ಇದ್ದರೆ ಪುರಾತತ್ವ. ಇವನ್ನು ಅರ್ಜಿ ಕೊಟ್ಟ ಮೇಲೆ ತರುತ್ತೇವೆ ಎನ್ನಬೇಡಿ. ಸಡಿಲಿಕೆಗೆ ಕಾರಣವೇ ರೈಲ್ವೆ ಎಂದ ಮೇಲೆ ರೈಲ್ವೆಯ ಕಾಗದ ಇಲ್ಲದ ಕಡತ ಪ್ರಾಧಿಕಾರದ ಸಭೆಯವರೆಗೆ ಹೋಗುವುದೇ ಇಲ್ಲ. ಪ್ರತಿ ಪತ್ರಕ್ಕೂ ಅದೇ ನಕ್ಷೆಯ ಪ್ರತಿ ಲಗತ್ತಿಸಿ. ಇಲಾಖೆಗೊಂದು ನಕ್ಷೆ, ಪ್ರಾಧಿಕಾರಕ್ಕೊಂದು ನಕ್ಷೆ ಆದರೆ ಪತ್ರ ಇದ್ದೂ ಇಲ್ಲದಂತೆ.

7. ಅರ್ಜಿ, ಸ್ಥಳ ಪರಿಶೀಲನೆ, ಸಭೆ

ನಕ್ಷೆಯ ಜತೆ ರಸ್ತೆಯ ಅಡ್ಡಸೀಳು, ಉದ್ದಸೀಳು ಇರಲಿ. ಅಡ್ಡಸೀಳು ಎಂದರೆ ರಸ್ತೆಯನ್ನು ಅಡ್ಡ ಕೊಯ್ದರೆ ಕಾಣುವ ಚಿತ್ರ: ಡಾಂಬರು, ಜಲ್ಲಿ, ಗರಸು, ಗಟಾರ ಎಷ್ಟೆಷ್ಟು ದಪ್ಪ ಎಂದು. ಉದ್ದಸೀಳು ರಸ್ತೆಯ ಏರಿಳಿತ ತೋರಿಸುತ್ತದೆ. ಎರೆಮಣ್ಣಿನ ಮೇಲೆ ರಸ್ತೆಯಾದರೆ ಮಣ್ಣಿನ ಪರೀಕ್ಷೆ ಮಾಡಿಸಿ. ನೀರು ನೆನೆದಾಗ ಅದರ ಹೊರುವ ಬಲ, ಎಂಜಿನಿಯರರು ಸಿ.ಬಿ.ಆರ್. ಎನ್ನುವುದು, ಸಾಮಾನ್ಯವಾಗಿ 2ರಿಂದ 4ರ ಒಳಗೇ ಇರುತ್ತದೆ. ಗರಸಿನ ಪದರ ಸಾಲದೆ ಹೋದರೆ ಮೇಲೆ ಎಂಥ ಡಾಂಬರು ಹಾಕಿದರೂ ನಿಲ್ಲದು.

ಸ್ಥಳ ಪರಿಶೀಲನೆಯ ದಿನ ಗಡಿಕಲ್ಲುಗಳು ಕಾಣುವಂತಿರಲಿ. ರಸ್ತೆಯ ಮಧ್ಯರೇಖೆ, ತಿರುಗುವ ಜಾಗದ ನಾಲ್ಕು ಮೂಲೆಗೆ ಸುಣ್ಣ ಹಾಕಿಸಿ. ತೊಗರಿ ಎದೆಮಟ್ಟ ಬೆಳೆದು ನಿಂತಾಗ ಪರಿಶೀಲನೆ ಕರೆಯಬೇಡಿ. ಬಂದವರಿಗೆ ಏನೂ ಕಾಣದೆ ವರದಿ ಅರೆಬರೆಯಾಗುತ್ತದೆ. ರಾಶಿ ಆದ ಮೇಲೆ, ಹೊಲ ಖಾಲಿ ಇರುವಾಗ ಒಳ್ಳೆಯದು. ಆದರೆ ಹಳ್ಳದ ನೀರಿನ ಮಟ್ಟ ಮಳೆಗಾಲದಲ್ಲೇ ತಿಳಿಯುವುದು. ಆಗಲೇ ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟು ಕಡತಕ್ಕೆ ಲಗತ್ತಿಸಿ.

ಅನುಮೋದನೆ ಬಂದಾಗ ಮುದ್ರೆ ಬಿದ್ದ ನಕ್ಷೆಯನ್ನಷ್ಟೇ ತೆಗೆದುಕೊಂಡು ಬರಬೇಡಿ. ಸಡಿಲಿಕೆ ಕೊಟ್ಟ ಸಭೆಯ ನಿರ್ಣಯದ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಐದು ವರ್ಷದ ನಂತರ ಪ್ಲಾಟು ಕೊಂಡವರು ಬ್ಯಾಂಕ್ ಸಾಲಕ್ಕೆ ಹೋದಾಗ, ಈ ರಸ್ತೆ ಯಾಕೆ ಹೀಗೆ ನಿಂತಿದೆ ಎನ್ನುವ ಪ್ರಶ್ನೆ ಬಂದರೆ ಉತ್ತರ ಆ ಕಾಗದದಲ್ಲಿ ಮಾತ್ರ ಇರುತ್ತದೆ.

ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. ಕಾರಣ ಅಳತೆಯದ್ದಾದರೆ ನಕ್ಷೆ ತಿದ್ದಿ ಮತ್ತೆ ಕೊಡಬಹುದು.

8. ನೆಲದ ಮೇಲೆ

ಷರತ್ತುಗಳನ್ನು ಓದಿ, ಒಂದೊಂದನ್ನೂ ಎಂಜಿನಿಯರರಿಗೆ ಬರೆದು ಕೊಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ನೋಂದಾಯಿತ ಪರಿತ್ಯಾಜನಾ ಪತ್ರದ ಮೂಲಕ ಹಸ್ತಾಂತರಿಸಬೇಕು. ಅಲ್ಲಿಗೆ ಆ ನೆಲದ ಮೇಲೆ ನಿಮ್ಮ ಹಕ್ಕು ಮುಗಿಯಿತು. ಅಡ್ಡ ತೋಳುಗಳೂ ಆ ಪತ್ರದಲ್ಲಿ ಸೇರಿವೆಯೇ ನೋಡಿ. ಮುಖ್ಯ ರಸ್ತೆ ಬರೆದು ತೋಳು ಬಿಟ್ಟುಹೋದರೆ, ಮುಂದೆ ಯಾರೋ ಅದನ್ನು ಪ್ಲಾಟು ಎಂದು ಮಾರುತ್ತಾರೆ. ಕೆಲಸ ಮುಗಿದಂತೆ ಹಂತಹಂತವಾಗಿ ಪ್ಲಾಟುಗಳನ್ನು ಬಿಡುಗಡೆ ಮಾಡುತ್ತಾರೆ. ಬಿಡುಗಡೆಗೆ ಮುಂಚೆ ಮುಂಗಡ ಹಿಡಿಯಬೇಡಿ.

ತೋಳಿನ ತುದಿಗೆ ‘ಮುಂದಿನ ರಸ್ತೆಗೆ ಕಾದಿರಿಸಿದೆ’ ಎಂದು ಕಲ್ಲಿನ ಫಲಕ ನೆಡಿ. ನಮ್ಮಲ್ಲಿ ಶಹಾಬಾದ್ ಫರ್ಸಿ ಸುಲಭವಾಗಿ ಸಿಗುತ್ತದೆ, ಕೆತ್ತಿಸಿದ ಅಕ್ಷರ ಬಣ್ಣದಂತೆ ಮಾಸುವುದಿಲ್ಲ. ಖಾಲಿ ತೋಳನ್ನು ಪಕ್ಕದ ಮನೆಯವರು ಮೊದಲು ಬೈಕ್ ನಿಲ್ಲಿಸಲು, ಆಮೇಲೆ ದನ ಕಟ್ಟಲು, ಕೊನೆಗೆ ಶೆಡ್ ಹಾಕಲು ಬಳಸುತ್ತಾರೆ. ಹೊಸ ಹೊಲ ಕೂಡುವ ದಿನ ಬಂದಾಗ ಅಲ್ಲೊಂದು ಗೋಡೆ ಎದ್ದಿರುತ್ತದೆ.

ಪ್ಲಾಟು ಕೊಳ್ಳಲು ಬಂದವರು ನೀವಾಗಿದ್ದರೆ ಅಳತೆ ಟೇಪು ಹಿಡಿದು ಹೋಗಿ. ನಿಮ್ಮ ಪ್ಲಾಟಿನ ಎದುರು ರಸ್ತೆಯನ್ನು ಗಡಿಕಲ್ಲಿನಿಂದ ಗಡಿಕಲ್ಲಿಗೆ ಅಳೆಯಿರಿ, ಡಾಂಬರಿನ ಅಂಚಿನಿಂದ ಅಲ್ಲ. ಆಮೇಲೆ ರಸ್ತೆಯ ಕೊನೆಯವರೆಗೆ ನಡೆದು ಅಲ್ಲಿ ತಿರುಗುವ ಜಾಗ ನಕ್ಷೆಯಲ್ಲಿದ್ದಷ್ಟೇ ನೆಲದ ಮೇಲೂ ಇದೆಯೇ ಅಳೆದು, ನಕ್ಷೆಯ ಪ್ರತಿಯ ಮೇಲೆ ಆ ಅಂಕಿ ಬರೆದುಕೊಂಡು ಬನ್ನಿ.